ಕುಯ್ದವರು, ಉಂಡವರು

ಕನ್ನಡದಲ್ಲಿ ಕೊಯ್ಯು ಎಂಬ ಒಂದು ಕ್ರಿಯಾಪದವಿದೆ. ಪುಸ್ತಕದಲ್ಲಿ ಕೊಯ್ಯು, ನಮ್ಮ ಬಾಯಲ್ಲಿ ಕುಯ್ಯು. ತಮಿಳರಿಗೆ ಇದು ಕೊಯ್, ಮಲೆಯಾಳಿಗಳಿಗೆ ಕೊಯ್ಯುಕ, ತೆಲುಗರಿಗೆ ಕೋಯು. ದಕ್ಷಿಣದ ನಾಡುಗಳೆಲ್ಲ ಹಂಚಿಕೊಂಡ ಹಳೆಯ ಮಾತು. ರಾಗಿ ಕುಯ್ಯುತ್ತೇವೆ, ಹೂ ಕುಯ್ಯುತ್ತೇವೆ, ಕುರಿ ಕುಯ್ಯುತ್ತೇವೆ. ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆ ಕುಯ್ಯುತ್ತಾರೆ. ನಂಬಿಸಿ ಮೋಸ ಮಾಡಿದವನು ಕತ್ತು ಕುಯ್ದ ಎನ್ನುತ್ತೇವೆ. ಬೆಂಗಳೂರಿನ ಹುಡುಗರು ತಲೆ ತಿನ್ನುವವನಿಗೆ 'ಕುಯ್ಬೇಡ ಕಣೋ' ಎನ್ನುತ್ತಾರೆ. ಎಲ್ಲ ಕಡೆಯೂ ಒಂದು ಅಲಗು ಇದೆ, ಒಂದು ಕೈ ಇದೆ, ತುಂಡಾಗುವ ಒಂದು ವಸ್ತು ಇದೆ. ಕುಯ್ದವರಿಗೆ ಏನು ಸಿಕ್ಕಿತು ಎಂಬ ಮಾತು ಮಾತ್ರ ಈ ಪದದೊಳಗೆ ಎಲ್ಲೂ ಇಲ್ಲ.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು 'ರೀಪ್' ಎಂಬ ಪದ ಹೇಳಿಕೊಟ್ಟರು. ಅದಕ್ಕೆ ಎರಡು ಅರ್ಥ ಬರೆಸಿದರು. ಒಂದು, ಪೈರು ಕೊಯ್ಯುವುದು. ಎರಡು, ಮಾಡಿದ ಕೆಲಸದ ಫಲ ಪಡೆಯುವುದು. ಕೇರಿಯಿಂದ ಹೋಗಿದ್ದ ನಾವು ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕುಯ್ಯೋದೂ ಪಡೆಯೋದೂ ಒಂದೇ ಮಾತಿನಲ್ಲಿ ಹೇಗೆ ಕೂತಾವು? ನಮ್ಮ ಮನೆಗಳಲ್ಲಿ ಕುಯ್ಯೋರಿದ್ದರು, ಪಡೆಯೋರಿರಲಿಲ್ಲ. ಗೌಡರ ಮನೆಯಲ್ಲಿ ಪಡೆಯೋರಿದ್ದರು, ಕುಯ್ಯೋರಿರಲಿಲ್ಲ. ಇಂಗ್ಲಿಷರ ನಾಡಿನಲ್ಲಿ ಕುಯ್ದವನೇ ಉಂಡ ಎಂದು ನಾವು ಹೇಳುತ್ತಿಲ್ಲ. ಅಲ್ಲಿಯೂ ಜಮೀನ್ದಾರರಿದ್ದರು, ಕೂಲಿಗಳಿದ್ದರು. ಅಲ್ಲಿ ಪದವೇ ಸುಳ್ಳು ಹೇಳಿತು. ನಮ್ಮ ಕನ್ನಡ ಈ ಒಂದು ವಿಷಯದಲ್ಲಿ ಪ್ರಾಮಾಣಿಕವಾಗಿದೆ. ಕೊಯ್ಯುವುದಕ್ಕೆ ಒಂದು ಕ್ರಿಯಾಪದ ಇಟ್ಟುಕೊಂಡಿದೆ. ಫಲ ಪಡೆಯುವುದಕ್ಕೆ ಬೇರೆಯೇ ಕ್ರಿಯಾಪದಗಳನ್ನು ಇಟ್ಟುಕೊಂಡಿದೆ: ಪಡೆ, ಗಳಿಸು, ಉಣ್ಣು.

*

ನಮ್ಮದು ಮೈಸೂರು ಸೀಮೆಯ ಬೆದ್ದಲು ನೆಲ. ರಾಗಿಯೇ ಬೆಳೆ, ರಾಗಿಯೇ ಊಟ. ಮುಂಗಾರಿನಲ್ಲಿ ಬಿತ್ತಿದ್ದು ಕಾರ್ತೀಕ ಕಳೆಯುವ ಹೊತ್ತಿಗೆ ತೆನೆ ಬಲಿತು ಕುಯ್ಲಿಗೆ ಬರುತ್ತದೆ. ಇಬ್ಬನಿ ಆರುವ ಮೊದಲೇ ಹೆಂಗಸರು ಸೀರೆ ಎತ್ತಿ ಕಟ್ಟಿ ಸಾಲು ಹಿಡಿಯುತ್ತಾರೆ. ಎಡಗೈ ತೆಂಡೆ ಹಿಡಿಯಬೇಕು, ಬಲಗೈ ಕುಡ್ಲು ಎಳೆಯಬೇಕು. ಕುಯ್ದ ಹಿಡಿಯನ್ನು ಅರಿ ಅರಿಯಾಗಿ ನೆಲಕ್ಕೆ ಹಾಸಬೇಕು. ಒಣಗಿದ ಮೇಲೆ ಸಿವುಡು ಕಟ್ಟಿ, ತಲೆ ಮೇಲೆ ಹೊತ್ತು, ಮೆದೆ ಒಟ್ಟಬೇಕು. ಸಂಕ್ರಾಂತಿಯ ಆಚೀಚೆ ಕಣ ಸಾರಿಸಿ, ರೋಣಗಲ್ಲು ಎಳೆಸಿ, ಒಕ್ಕಬೇಕು, ತೂರಬೇಕು. ಇಷ್ಟರಲ್ಲಿ ಒಂದು ಸೊಂಟ ದಿನಕ್ಕೆ ಎಷ್ಟು ಸಾರಿ ಬಗ್ಗುತ್ತದೆ ಎಂದು ಯಾರೂ ಲೆಕ್ಕ ಬರೆದಿಟ್ಟಿಲ್ಲ.

ನಮ್ಮವ್ವನ ಎಡಗೈ ಕಿರುಬೆರಳಲ್ಲಿ ಮೂರು ಬಿಳಿ ಗೆರೆಗಳಿದ್ದವು. ಮೂರು ಕುಯ್ಲಿನ ಗುರುತು. ಕನ್ನಡದಲ್ಲಿ ಕ್ರಿಯಾಪದಕ್ಕೆ ಕೊಳ್ಳು ಎಂಬುದು ಸೇರಿದರೆ ಕೆಲಸ ಮಾಡಿದವರ ಕಡೆಗೇ ತಿರುಗುತ್ತದೆ. ಕಟ್ಟಿಕೊಂಡ, ಗಳಿಸಿಕೊಂಡ, ಬೆಳೆದುಕೊಂಡ. ಗೌಡರು ಜಗಲಿಯ ಮೇಲೆ ಕೂತು 'ಈ ಸಲ ಇಪ್ಪತ್ತು ಪಲ್ಲ ಬೆಳ್ಕಂಡೆ ಕಣ್ಲಾ' ಎಂದರೆ ಅದು ಲಾಭದ ಕೊಳ್ಳು. ಅವ್ವ ಸಂಜೆ ಬಂದು 'ಇವತ್ತು ಕುಯ್ಕಂಡೆ ಕಣಪ್ಪಾ' ಎಂದರೆ ಬೆರಳಿಗೆ ಬಟ್ಟೆ ಸುತ್ತಿರುತ್ತಿತ್ತು. ಮಧ್ಯಾಹ್ನಕ್ಕೇ ಕೆಲಸ ಬಿಟ್ಟಳೆಂದು ಅರ್ಧ ಕೂಲಿ ಮುರಿದಿರುತ್ತಿದ್ದರು. ಒಂದೇ ಭಾಷೆ, ಒಂದೇ ಪ್ರತ್ಯಯ. ಅವರ ಕಡೆ ತಿರುಗಿದಾಗ ರಾಶಿ, ನಮ್ಮ ಕಡೆ ತಿರುಗಿದಾಗ ರಕ್ತ.

ಕಣದಲ್ಲಿ ರಾಶಿ ಅಳೆಯುವುದನ್ನು ನೋಡಿದವರಿಗೆ ಗೊತ್ತು. ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ. 'ಲಾಭ' ಅಂತಾರೆ. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತದೆ. ಆ ಲಾಭ ಹೋಗುತ್ತಿದ್ದದ್ದು ಗೌಡರ ಚೀಲಕ್ಕೆ. ಆಮೇಲೆ ಸಾಲದ ಲೆಕ್ಕ, ದೇವರ ಲೆಕ್ಕ, ಆಯಗಾರರ ಲೆಕ್ಕ. ಕಟ್ಟಕಡೆಗೆ ತೋಟಿ ತಳವಾರರ ಸರದಿ. ಅಷ್ಟು ಹೊತ್ತಿಗೆ ಕಣದ ತಳ ಕಾಣುತ್ತಿತ್ತು. ಮಣ್ಣು ಬೆರೆತ ಕಾಳನ್ನು ಗುಡಿಸಿ ದೂರದಿಂದ ಸೆರಗಿಗೆ ಸುರಿಯುತ್ತಿದ್ದರು. ನಾವು ಕೈ ಒಡ್ಡಿ ಹಿಡಿದದ್ದನ್ನು ಊರು 'ಆಯ' ಎಂದು ಕರೆಯಿತು. ನಮ್ಮ ಅಜ್ಜಿ ಅದನ್ನು ನಾಲ್ಕು ನೀರಿನಲ್ಲಿ ತೊಳೆದು, ಮೊರದಲ್ಲಿ ಕೇರಿ, ಕಲ್ಲು ಬೇರೆ ಮಾಡಿ ಬೀಸುತ್ತಿದ್ದಳು. ಆದರೂ ಮುದ್ದೆಯಲ್ಲಿ ಮರಳು ಸಿಕ್ಕುತ್ತಿತ್ತು.

ಇನ್ನೊಂದಿತ್ತು, ಹಕ್ಕಲು. ಕುಯ್ಲಾದ ಹೊಲದಲ್ಲಿ ಉದುರಿದ ತೆನೆ ಆಯುವ ಕೆಲಸ. ಅದು ಮಕ್ಕಳದು, ಮುದುಕಿಯರದು. ಅದಕ್ಕೂ ಅಪ್ಪಣೆ ಬೇಕು. ಬೇಡ ಎನಿಸಿದರೆ ಗೌಡರು ಮೊದಲು ದನ ಬಿಡಿಸುತ್ತಿದ್ದರು, ದನ ತಿಂದು ಬಿಟ್ಟದ್ದು ನಮಗೆ. ಹಕ್ಕಲಿಗೂ ಹಕ್ಕಿಗೂ ಹುಟ್ಟಿನ ನಂಟಿಲ್ಲ. ಹಕ್ಕು ಅರಬ್ಬಿಯಿಂದ ಬಂದ ಮಾತು. ಆದರೂ ಎರಡೂ ಕಿವಿಗೆ ಅಣ್ಣತಮ್ಮಂದಿರ ಹಾಗೆ ಬೀಳುತ್ತವೆ. ತಲೆತಲಾಂತರ ನಮ್ಮ ಕೇರಿಯಲ್ಲಿ ಹಕ್ಕಲು ಇತ್ತು, ಹಕ್ಕು ಇರಲಿಲ್ಲ.

*

ಈಗ 'ಇಸು' ಎಂಬ ಪ್ರತ್ಯಯಕ್ಕೆ ಬರೋಣ. ತಾನು ಮಾಡದೆ ಬೇರೆಯವರ ಕೈಲಿ ಮಾಡಿದ್ದಕ್ಕೆ ಕನ್ನಡ ಇದನ್ನು ಹಚ್ಚುತ್ತದೆ. ಬಿತ್ತಿಸಿದೆ, ಕಳೆ ಕೀಳಿಸಿದೆ, ಕುಯ್ಯಿಸಿದೆ, ಒಕ್ಕಿಸಿದೆ, ಹೊರಿಸಿದೆ. ಈ ಪುಟ್ಟ 'ಇಸು'ವಿನೊಳಗೆ ನಮ್ಮ ಇಡೀ ಕೇರಿ ಕೂತಿದೆ. ನಮ್ಮಪ್ಪ, ನಮ್ಮವ್ವ, ಚಿಕ್ಕಪ್ಪ, ಅತ್ತೆ ಎಲ್ಲರೂ ಆ ಎರಡಕ್ಷರದಲ್ಲಿ ಉಸಿರು ಹಿಡಿದು ನಿಂತಿದ್ದಾರೆ. ಗೌಡರು ಮಾತಿನ ಓಟದಲ್ಲಿ ಅದನ್ನೂ ನುಂಗಿಬಿಡುತ್ತಿದ್ದರು. 'ನಿನ್ನೆ ನಾಕೆಕರೆ ಕುಯ್ದೆ' ಎನ್ನುತ್ತಿದ್ದರು. ಕುಡ್ಲು ಮುಟ್ಟದ ಕೈ ನಾಲ್ಕು ಎಕರೆ ಕುಯ್ದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಆದರೆ ಉಣ್ಣುವ ಹೊತ್ತಿಗೆ ಅವರಿಗೆ 'ಇಸು' ಬೇಕಾಗಲಿಲ್ಲ. ಉಣ್ಣುವುದನ್ನು ಅವರು ಯಾರ ಕೈಲೂ ಮಾಡಿಸಲಿಲ್ಲ.

ಗೌಡರ ಮಾತು ಬಿಡಿ, ಕಾನೂನೂ ಇದೇ ವ್ಯಾಕರಣ ಕಲಿತಿದೆ. 1961ರ ಭೂ ಸುಧಾರಣಾ ಕಾಯ್ದೆ ಸ್ವತಃ ಸಾಗುವಳಿ ಎಂದರೇನು ಎಂದು ವಿವರಿಸುತ್ತದೆ. ತಾನೇ ದುಡಿದರೂ ಸರಿ, ಮನೆಯವರು ದುಡಿದರೂ ಸರಿ. ಬೆಳೆಯಲ್ಲಿ ಪಾಲು ಕೊಡದೆ, ಹಣವಾಗಲಿ ಧಾನ್ಯವಾಗಲಿ ಕೂಲಿಯಾಗಿ ಕೊಟ್ಟು ಆಳುಗಳ ಕೈಲಿ ಮಾಡಿಸಿ, ತಾನು ಉಸ್ತುವಾರಿ ನೋಡಿಕೊಂಡರೂ ಅದು ಸ್ವತಃ ಸಾಗುವಳಿಯೇ. ಅಂದರೆ ಬದುವಿನ ಮೇಲೆ ಕೊಡೆ ಹಿಡಿದು ನಿಂತವನು ಸಾಗುವಳಿದಾರ. ಬದುವಿನ ಕೆಳಗೆ ಬಗ್ಗಿದವಳು ಯಾರು? ಆಕೆಗೆ ಆ ವಿವರಣೆಯಲ್ಲಿ ಇರುವ ಜಾಗ ಕೂಲಿ ಎಂಬ ಒಂದು ಮಾತು.

ದೇವರಾಜ ಅರಸರ ಕಾಲದಲ್ಲಿ ಆ ಕಾಯ್ದೆಗೆ ಹಲ್ಲು ಬಂತು. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಎಷ್ಟೋ ಬಡ ಗೇಣಿದಾರರು ಒಡೆಯರಾದರು. ಅದು ಸಣ್ಣ ಮಾತಲ್ಲ, ನಾವು ಅದನ್ನು ಹಗುರ ಮಾಡುವುದಿಲ್ಲ. ಆ ಸುದ್ದಿ ಕೇಳಿ ನಮ್ಮ ತಾತನೂ ತಾಲ್ಲೂಕು ಕಚೇರಿಗೆ ಹೋದ. ಮೂವತ್ತು ವರ್ಷ ಒಂದೇ ಹೊಲದಲ್ಲಿ ಉತ್ತಿದ್ದ, ಬಿತ್ತಿದ್ದ, ಕುಯ್ದಿದ್ದ. ಗುಮಾಸ್ತ ತಲೆ ಎತ್ತದೆ ಕೇಳಿದ:

'ಗೇಣಿ ಚೀಟಿ ಐತಾ?'

'ನಾವು ಗೇಣಿ ಕೊಟ್ಟೋರಲ್ಲ ಸ್ವಾಮಿ. ಆಳಾಗಿ ಇದ್ದೋರು. ವರ್ಸಕ್ಕೆ ಇಷ್ಟು ರಾಗಿ ಅಂತ ಅಳ್ಕೊಡೋರು.'

'ಹಂಗಾದ್ರೆ ನೀನು ಸಾಗುವಳಿ ಮಾಡಿಲ್ಲ ಬುಡು.'

ತಾತ ಮನೆಗೆ ಬಂದು ತನ್ನ ಎರಡು ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡ. 'ಹಂಗಾದ್ರೆ ಇದೇನ್ಲಾ ಇದು, ಈ ಜಡ್ಡು?' ಎಂದ. ಅರ್ಜಿ ಹಾಕಲು ಕೊನೆಯ ದಿನ 1979ರ ಜೂನ್ 30. ಆ ದಿನ ಬಂತು, ಹೋಯಿತು. ಗೇಣಿ ಕೊಡುವಷ್ಟಾದರೂ ಮೇಲಿದ್ದವರಿಗೆ ನೆಲ ಸಿಕ್ಕಿತು. ಅವರಿಗಿಂತ ಕೆಳಗೆ ಕೂಲಿ, ಜೀತ ಮಾಡಿಕೊಂಡಿದ್ದ ನಮ್ಮಂಥವರಿಗೆ ಆ ನಮೂನೆಯಲ್ಲಿ ಗೆರೆಯೇ ಇರಲಿಲ್ಲ. ಇಂದಿಗೂ ಪಹಣಿ ತೆಗೆದು ನೋಡಿ. ಒಂಬತ್ತನೇ ಕಾಲಂನಲ್ಲಿ ಕಬ್ಜೆದಾರನ ಹೆಸರು. ಹನ್ನೆರಡರಲ್ಲಿ ಸಾಗುವಳಿದಾರನ ಹೆಸರು. ಕುಯ್ದವಳ ಹೆಸರಿಗೆ ಕಾಲಂ ಇಲ್ಲ.

ಆಗ ಊರೂರಲ್ಲಿ ಕೂಗಿದ ಘೋಷಣೆಯನ್ನೂ ಒಮ್ಮೆ ಕಿವಿಗೊಟ್ಟು ಕೇಳಬೇಕು. ಉಳುವವನೇ ಹೊಲದೊಡೆಯ. ನಾವೂ ಗಂಟಲು ಹರಿಯುವಂತೆ ಕೂಗಿದವರೇ. ಆದರೆ ಆ ಘೋಷಣೆ ಆರಿಸಿಕೊಂಡ ಕ್ರಿಯಾಪದ ಉಳು. ನೇಗಿಲು ಗಂಡಸಿನ ಕೈಯದು. ಹೆಂಗಸು ನೇಗಿಲು ಮುಟ್ಟಬಾರದು ಎಂಬ ಕಟ್ಟಳೆ ಎಷ್ಟೋ ಊರುಗಳಲ್ಲಿತ್ತು. ಕುಡ್ಲು ಹೆಂಗಸಿನ ಕೈಯದು. ನಾಟಿ, ಕಳೆ, ಕುಯ್ಲು ಎಲ್ಲ ಅವಳದು. ಕುಯ್ಯುವವಳೇ ಹೊಲದೊಡತಿ ಎಂದು ನಮ್ಮಲ್ಲಿ ಯಾರೂ ಕೂಗಲಿಲ್ಲ. ಗಂಡಿಗೂ ಹೆಣ್ಣಿಗೂ ಸಮಾನ ಕೂಲಿ ಎಂದು 1976ರಲ್ಲಿ ಕಾಯ್ದೆ ಬಂತು. ನಮ್ಮೂರ ಕಣದಲ್ಲಿ ಗಂಡಾಳಿಗೆ ಒಂದು ಅಳತೆ, ಹೆಣ್ಣಾಳಿಗೆ ಒಂದು ಅಳತೆ ಎಂಬುದು ಆಮೇಲೂ ಎಷ್ಟೋ ಸುಗ್ಗಿ ನಡೆಯಿತು.

*

ಇಷ್ಟೆಲ್ಲ ಆಗುತ್ತಿದ್ದರೂ ನಾವು ಸುಮ್ಮನಿದ್ದದ್ದು ಯಾಕೆ? ನಮ್ಮನ್ನು ಸುಮ್ಮನಿರಿಸಲು ಒಂದು ಗಾದೆ ಇತ್ತು.

ಕನ್ನಡ ಮೇಷ್ಟ್ರು ವಿಸ್ತರಿಸಿ ಬರೆಯಿರಿ ಎಂದು ಕೊಡುತ್ತಿದ್ದ ಗಾದೆಗಳಲ್ಲಿ ಎರಡು ಪ್ರತಿ ವರ್ಷ ಬರುತ್ತಿದ್ದವು. ಬಿತ್ತಿದಂತೆ ಬೆಳೆ. ಮಾಡಿದ್ದುಣ್ಣೋ ಮಹರಾಯ. ನೋಡಿದರೆ ನ್ಯಾಯವಾದ ಮಾತೇ. ಮಾಡಿದ್ದನ್ನು ಉಣ್ಣುವುದಾದರೆ ರಾಗಿ ಬೆಳೆದವರು ರಾಗಿ ಉಣ್ಣಬೇಕು. ಭತ್ತ ಕುಯ್ದವರ ಮನೆಯಲ್ಲಿ ಅನ್ನ ಇರಬೇಕು. ನಮ್ಮ ಮನೆಗಳಲ್ಲಿ ಅನ್ನ ಕಾಣುತ್ತಿದ್ದದ್ದು ಹಬ್ಬಕ್ಕೆ, ತಿಥಿಗೆ. ಹಾಗಾದರೆ ಗಾದೆ ಎಲ್ಲಿ ತಪ್ಪಿತು ಎಂದು ಹಿರಿಯರನ್ನು ಕೇಳಿದರೆ, ಹಣೆ ಮುಟ್ಟಿ ತೋರಿಸುತ್ತಿದ್ದರು. ಹಿಂದಿನ ಜನ್ಮದಲ್ಲಿ ಬಿತ್ತಿದ್ದು, ಈಗ ಕುಯ್ತಾ ಇದೀವಿ. ಹಾಗಂತ ಅವರಿಗೆ ಹೇಳಿಕೊಟ್ಟವರು ಕಣದಲ್ಲಿ ಮೊದಲ ಮರದ ರಾಗಿ ದಕ್ಷಿಣೆಯಾಗಿ ತೆಗೆದುಕೊಂಡು ಹೋದವರು.

ಈ ಚಮತ್ಕಾರವನ್ನು ಬಿಡಿಸಿ ನೋಡಬೇಕು. ಈ ಜನ್ಮದಲ್ಲಿ ನಾವು ಬಿತ್ತಿದ್ದು ಗೌಡರ ಹಗೇವಿನಲ್ಲಿದೆ. ಯಾರು ಬೇಕಾದರೂ ಇಳಿದು ಅಳೆಯಬಹುದು. ಹಿಂದಿನ ಜನ್ಮದಲ್ಲಿ ಬಿತ್ತಿದ್ದನ್ನು ಕಂಡವರಿಲ್ಲ. ಕಾಣುವ ಬೆಳೆಯ ಲೆಕ್ಕ ಮುಚ್ಚಿಡಲು ಕಾಣದ ಬೆಳೆಯ ಲೆಕ್ಕಪುಸ್ತಕ ತೆಗೆದರು. ಹೊಲದ ಕ್ರಿಯಾಪದವನ್ನು ಹೊಲದಿಂದ ಕಿತ್ತು ಹಣೆಬರಹಕ್ಕೆ ನಾಟಿ ಹಾಕಿದರು. ಅದೇ ಬಾಯಲ್ಲಿ ಇನ್ನೊಂದು ಉಪದೇಶವೂ ಬಂತು: ಕೆಲಸ ಮಾಡು, ಫಲ ಬಯಸಬೇಡ. ಫಲ ಸಿಹಿಯಾಗಿದ್ದರೆ ಬಯಸಬೇಡ, ಕಹಿಯಾಗಿದ್ದರೆ ಅನುಭವಿಸು. ವ್ಯಾಕರಣದ ತರಗತಿಯಲ್ಲಿ ಕರ್ತೃ, ಕರ್ಮ, ಕ್ರಿಯೆ ಎಂದು ಕಲಿಸುತ್ತಿದ್ದರು. ಅವರ ಪಾಲಿಗೆ ಕರ್ತೃ, ನಮ್ಮ ಪಾಲಿಗೆ ಕರ್ಮ. ಕ್ರಿಯೆ ಮಾತ್ರ ನಮ್ಮ ಸೊಂಟದ ಮೇಲೆ.

ಸಾಹಿತ್ಯವೂ ಸುಗ್ಗಿಯ ಬಗ್ಗೆ ಬಹಳ ಹಾಡಿದೆ. ಹೊನ್ನಿನ ಬಣ್ಣದ ತೆನೆ, ನಗುವ ನೆಲ, ಎಳ್ಳುಬೆಲ್ಲ. ತೆನೆ ತಾನಾಗಿಯೇ ಕುಯ್ದುಕೊಂಡು ಕಣಕ್ಕೆ ನಡೆದು ಬಂದಂತೆ ಬರೆದವರೇ ಹೆಚ್ಚು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸ ಎಂದರು. ನಾಡು ಹೊತ್ತಿ ಉರಿಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಪಂಡಿತರಿಗೆ ಅದು ಬೈಗುಳವಾಗಿ ಕೇಳಿಸಿತು. ನಮಗೆ ಅದು ದಿನಬಳಕೆಯ ಮಾತು. ಕಾಳು ಒಂದು ಕಡೆ ಹೋದ ಮೇಲೆ ಉಳಿಯುವುದು ಏನು ಎಂದು ಮೊರ ಹಿಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

*

ಕುಯ್ದವರು ಲೆಕ್ಕ ಕೇಳಿದ ದಿನಗಳೂ ಇವೆ. ಮರಾಠಿಯಲ್ಲಿ ಈ ಆಯಕ್ಕೆ ಬಲುತ ಎನ್ನುತ್ತಾರೆ. ದಯಾ ಪವಾರ್ ತಮ್ಮ ಬದುಕಿನ ಕಥೆಗೆ 1978ರಲ್ಲಿ ಅದೇ ಹೆಸರಿಟ್ಟರು. ಅದಕ್ಕೂ ಐವತ್ತು ವರ್ಷ ಮೊದಲು, 1928ರಲ್ಲಿ, ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ವತನು ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಹಗಲೂ ರಾತ್ರಿ ಸರ್ಕಾರದ ಚಾಕರಿ ಮಾಡುವ ಮಹಾರರು ರೈತರ ಕಣದ ಮುಂದೆ ಕೈಯೊಡ್ಡಿ ನಿಲ್ಲಬಾರದು, ಅವರಿಗೆ ಸರಿಯಾದ ಸಂಬಳ ಸಿಗಬೇಕು ಎಂಬುದು ಅದರ ತಿರುಳು. ಬೆಳಗಾವಿ, ಧಾರವಾಡ, ವಿಜಾಪುರಗಳೂ ಆಗ ಮುಂಬಯಿ ಪ್ರಾಂತದಲ್ಲೇ ಇದ್ದವು. ಆ ಮಸೂದೆ ಮುಂದೆ ಸಾಗಲಿಲ್ಲ. ಆದರೆ ಕಣದ ತಳದ ಕಾಳು ದಾನವಲ್ಲ, ಬಾಕಿ ಇರುವ ಕೂಲಿ ಎಂಬ ಮಾತು ಮೊದಲ ಸಲ ಶಾಸನಸಭೆಯ ಬಾಗಿಲು ದಾಟಿತು.

ತಮಿಳುನಾಡಿನ ತಂಜಾವೂರು ಸೀಮೆಯಲ್ಲಿ, ಅದೇ ಕೊಯ್ ಎಂಬ ಧಾತು ಬಾಯಲ್ಲಿದ್ದ ನಮ್ಮ ಜನ, ಕೊಯ್ಲಿನ ಕೂಲಿಗೆ ಒಂದಿಷ್ಟು ಹೆಚ್ಚು ಭತ್ತ ಅಳೆಯಿರಿ ಎಂದು ಕೇಳಿದರು. 1968ರ ಡಿಸೆಂಬರ್ 25ರ ರಾತ್ರಿ ಕೀಳ್ವೆಣ್ಮಣಿಯಲ್ಲಿ ಒಂದು ಗುಡಿಸಿಲಿಗೆ ಬೆಂಕಿ ಇಟ್ಟು 44 ಜನರನ್ನು ಸುಟ್ಟರು. ಹೆಚ್ಚಿನವರು ಹೆಂಗಸರು, ಮಕ್ಕಳು. ಆರೋಪ ಹೊತ್ತ ಭೂಮಾಲೀಕರನ್ನು ಹೈಕೋರ್ಟು ಬಿಟ್ಟಿತು. ಕೊಯ್ಯು ಎಂಬ ಕ್ರಿಯಾಪದದ ಪಕ್ಕದಲ್ಲಿ ಪಡೆ ಎಂಬ ಕ್ರಿಯಾಪದವನ್ನು ತಂದು ಕೂರಿಸುವುದಕ್ಕೆ ನಮ್ಮ ಜನ ತೆತ್ತ ಬೆಲೆ ಅದು. ಎರಡು ಮಾತಿನ ನಡುವೆ ಇಷ್ಟು ದೊಡ್ಡ ಬೆಂಕಿ ಇದೆ ಎಂದು ಯಾವ ನಿಘಂಟೂ ಬರೆಯುವುದಿಲ್ಲ.

*

ಈಚೆಗೆ ಈ ಪದ ಪೇಟೆಗೂ ಹೋಗಿದೆ. ಮಳೆ ಕೊಯ್ಲು ಎನ್ನುತ್ತಾರೆ. 2009ರಲ್ಲಿ ಬೆಂಗಳೂರಿನ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ದೊಡ್ಡ ನಿವೇಶನದ ಮನೆಗಳಿಗೆ ಮಳೆ ಕೊಯ್ಲು ಕಡ್ಡಾಯ ಮಾಡಿದರು. ಒಳ್ಳೆಯ ಕೆಲಸವೇ. ಆದರೆ ಮಾತನ್ನು ಗಮನಿಸಿ. ಮಳೆಯನ್ನು ಕುಡ್ಲಿನಿಂದ ಕುಯ್ಯಲಾಗುವುದಿಲ್ಲ. ಪದದಿಂದ ಅಲಗು ಹೋಯಿತು, ಬಗ್ಗಿದ ಸೊಂಟ ಹೋಯಿತು, ಶೇಖರಿಸಿಕೊಳ್ಳುವ ಸುಖ ಮಾತ್ರ ಉಳಿಯಿತು. ನಮ್ಮ ಕೈಲಿದ್ದಷ್ಟು ಕಾಲ ಕುಯ್ಯು ಎಂದರೆ ಬರೀ ಕೆಲಸ. ಬಂಗಲೆಯ ತಾರಸಿ ಹತ್ತಿದ ಕೂಡಲೇ ಅದಕ್ಕೆ ಲಾಭದ ಅರ್ಥ ಬಂತು.

ಹೊಲದಲ್ಲೂ ಕಟಾವು ಯಂತ್ರ ಬಂದಿದೆ. ಭತ್ತದ ಗದ್ದೆಯಲ್ಲಿ ಇಪ್ಪತ್ತು ಹೆಂಗಸರ ದಿನದ ಕೆಲಸ ಅದಕ್ಕೆ ಕೆಲವು ಗಂಟೆಯ ಮಾತು. ಬಾಡಿಗೆ ಯಂತ್ರದ ಯಜಮಾನನಿಗೆ. ಸೊಂಟ ಮುರಿಯುವ ಕೆಲಸ ಹೋಯಿತೆಂದು ನಮಗೆ ದುಃಖವಿಲ್ಲ. ಕೆಲಸ ಹೋದ ಜಾಗಕ್ಕೆ ನೆಲ ಬರಲಿಲ್ಲವಲ್ಲ ಎಂಬುದೇ ಸಂಕಟ. 2011ರ ಜನಗಣತಿಯಲ್ಲಿ ಈ ದೇಶದ ಸಾಗುವಳಿದಾರರು ಸುಮಾರು 11.9 ಕೋಟಿ, ಕೃಷಿ ಕೂಲಿಗಳು 14.4 ಕೋಟಿ. ಕುಯ್ಯುವ ಕೈ ಹೆಚ್ಚುತ್ತ ಹೋಗಿದೆ, ಉಣ್ಣುವ ಬಾಯಿ ಹಾಗೆಯೇ ಇದೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು, ಬೇಸಾಯವನ್ನೇ ಕಾಣದ ಹಣವಂತರೂ ಕೃಷಿ ಜಮೀನು ಕೊಳ್ಳಬಹುದು ಎಂದು ದಾರಿ ಮಾಡಿಕೊಟ್ಟರು. ಕುಯ್ಯದವನು ಪಡೆಯುವುದಕ್ಕೆ ಕಾನೂನು ಒಂದೇ ಹೆಜ್ಜೆ ಇಟ್ಟಿತು. ಕುಯ್ದವಳು ಪಡೆಯುವುದಕ್ಕೆ ಎಷ್ಟು ಹೆಜ್ಜೆ ಎಂಬುದನ್ನು ನಮ್ಮ ಕೇರಿಯವರನ್ನು ಕೇಳಿ.

1980ರ ದಶಕದಲ್ಲಿ ನಮ್ಮ ಕೇರಿಯ ಹನ್ನೊಂದು ಮನೆಯವರು ಊರ ಹೊರಗಿನ ಗೋಮಾಳದಲ್ಲಿ ಕಲ್ಲು ಆಯ್ದು, ಜಾಲಿ ಕಡಿದು, ಮನೆಗೆ ಒಂದೂವರೆ ಎಕರೆಯಂತೆ ನೆಲ ಹಸನು ಮಾಡಿದೆವು. ಬೆದರಿಸಿದರು, ಬದು ಒಡೆದರು, ಒಂದು ವರ್ಷ ಪೈರಿಗೆ ದನ ಬಿಟ್ಟರು. ಮರುವರ್ಷ ರಾತ್ರಿಯೆಲ್ಲ ಕಾವಲು ಕೂತೆವು. ಆ ಕಾರ್ತೀಕದಲ್ಲಿ ಅವ್ವ ಕುಡ್ಲು ಹಿಡಿದು ತನ್ನ ಸಾಲು ತಾನು ಕುಯ್ದಳು. ಸಂಜೆ ಮನೆಗೆ ಬಂದು 'ಕುಯ್ಕಂಡೋ ಕಣಪ್ಪಾ' ಎಂದಳು. ನಾವು ಅಭ್ಯಾಸಬಲದಿಂದ ಅವಳ ಬೆರಳು ನೋಡಿದೆವು. ಬಟ್ಟೆ ಸುತ್ತಿರಲಿಲ್ಲ. ಅವಳು ನಗುತ್ತಿದ್ದಳು. ಕೊಳ್ಳು ಎಂಬ ಪ್ರತ್ಯಯ ನಮ್ಮ ಮನೆಗೆ ಒಳ್ಳೆಯ ಅರ್ಥದಲ್ಲಿ ಬಂದದ್ದು ಅದೇ ಮೊದಲು.

ಬಗರ್ ಹುಕುಂ ಸಕ್ರಮ ಮಾಡುತ್ತೇವೆ ಎಂದಾಗ 1991ರಲ್ಲಿ ನಮೂನೆ 50 ಹಾಕಿದೆವು. ಆಮೇಲೆ ನಮೂನೆ 53 ಎಂದರು, ಅದನ್ನೂ ಹಾಕಿದೆವು. 2018ರಲ್ಲಿ ನಮೂನೆ 57 ಬಂತು. ಅಷ್ಟು ಹೊತ್ತಿಗೆ ಅವ್ವ ಇರಲಿಲ್ಲ, ನಾವೇ ಹಾಕಿದೆವು. ಕೈಯಲ್ಲಿ ಮೂರು ರಸೀದಿಗಳಿವೆ, ಸಾಗುವಳಿ ಚೀಟಿ ಬಂದಿಲ್ಲ. ಕಚೇರಿಯವರು ಕೇಳುವುದು ಇಂದಿಗೂ ತಾತನಿಗೆ ಕೇಳಿದ್ದನ್ನೇ: ನೀವೇ ಸಾಗುವಳಿ ಮಾಡಿದ್ದಕ್ಕೆ ಆಧಾರ ಏನು?

ಆಧಾರ ಹೊಲದಲ್ಲಿದೆ, ಬಂದು ನೋಡಲಿ. ಚೀಟಿ ಕೊಡುವ ತನಕ ನಾವು ಬಿತ್ತುತ್ತೇವೆ, ಕುಯ್ಯುತ್ತೇವೆ, ಒಕ್ಕುತ್ತೇವೆ, ಉಣ್ಣುತ್ತೇವೆ. ನಾಲ್ಕಕ್ಕೂ ಕರ್ತೃ ನಾವೇ. ಕಣದಲ್ಲಿ ಕೊಳಗ ಎತ್ತುವಾಗ ಮೊದಲನೆಯದಕ್ಕೆ ಲಾಭ ಎಂದು ನಮ್ಮ ಮಕ್ಕಳು ಗಟ್ಟಿಯಾಗಿ ಕೂಗುತ್ತಾರೆ. ಊರಿಗೆ ಕೇಳಿಸುವಷ್ಟು ಗಟ್ಟಿಯಾಗಿ.